ಸಾಹುಕಾರನ ಮಗಳು, ಮೆಕ್ಯಾನಿಕ್ ಹುಡುಗ

39 ಡಾಲರ್ 60 ಸೆಂಟ್. ಕೋಟ್ಯಧಿಪತಿಯ ಎದುರು ನಿಂತ ಪೀಟರ್ ವಾರ್ನ್ ಎಂಬ ಪತ್ರಕರ್ತ ಕೊಡುವ ಲೆಕ್ಕದ ಚೀಟಿ ಅಷ್ಟಕ್ಕೆ ಮುಗಿಯುತ್ತದೆ. ಕೈಯಿಂದ ಖರ್ಚಾದದ್ದು 8.60, ಮೇಲಂಗಿ 15, ಸೂಟ್‌ಕೇಸ್ 7.50, ಟೋಪಿ 4, ಮೂರು ಅಂಗಿಗೆ 4.50. ದಾರಿಯಲ್ಲಿ ಪೆಟ್ರೋಲಿಗೆ ದುಡ್ಡಿಲ್ಲದೆ ಮಾರಿಕೊಂಡ ಸಾಮಾನು ಅವು. ಓಡಿಹೋದ ಮಗಳನ್ನು ಹುಡುಕಿಕೊಟ್ಟವರಿಗೆ 10,000 ಡಾಲರ್ ಬಹುಮಾನ ಎಂದು ಅಪ್ಪ ಊರೆಲ್ಲ ಸಾರಿದ್ದಾನೆ. ಇವನು ಅದರ ಸುದ್ದಿಯನ್ನೇ ಎತ್ತುವುದಿಲ್ಲ. ನನ್ನ ಕೈಬಿಟ್ಟದ್ದು ಇಷ್ಟು, ಇಷ್ಟನ್ನು ಕೊಡಿ ಎನ್ನುತ್ತಾನೆ.

ಅಪ್ಪನಿಗೆ ಅಷ್ಟು ಸಾಕು. ಬೇರೊಬ್ಬನ ಜೊತೆ ಮಗಳ ಅದ್ದೂರಿ ಮದುವೆಯ ದಿನ ಅವಳ ಕೈ ಹಿಡಿದು ನಡೆಸಿಕೊಂಡು ಬರುತ್ತ, ಅತಿಥಿಗಳ ಕಿವಿಗೆ ಬೀಳದ ಹಾಗೆ, ಹಿಂದಿನ ಗೇಟಿನಲ್ಲಿ ಕಾರು ನಿಂತಿದೆ, ಮನಸ್ಸು ಬದಲಾದರೆ ಹೊರಡು ಎನ್ನುತ್ತಾನೆ. ಮದುಮಗಳು ಮುಸುಕು ಹಾರಾಡಿಸಿಕೊಂಡು ಓಡುತ್ತಾಳೆ. 1934ರ ‘ಇಟ್ ಹ್ಯಾಪನ್ಡ್ ಒನ್ ನೈಟ್’ ಚಿತ್ರದ ಈ ಕೊನೆಯನ್ನು ನೋಡಿದ ಶಿವಮೊಗ್ಗದ ಯಾವ ಪ್ರೇಕ್ಷಕನಿಗೂ ಮೊದಲು ಕಾಣುವುದು ಹುಡುಗನಲ್ಲ, ಹುಡುಗಿಯಲ್ಲ, ಆ ಅಪ್ಪ. ಹೆತ್ತವನೇ ಮಗಳನ್ನು ಮಂಟಪದಿಂದ ಓಡಿಸುವುದೆಂದರೇನು? ಪ್ರೇಮ, ದುಡ್ಡು, ಅಂತಸ್ತು ಮೂರನ್ನೂ ಕಲಸಿ ನಗಿಸುವ ಕಥೆಗಳು ಕನ್ನಡ ತೆರೆಗೆ ಹೊಸತಲ್ಲ. ಎಂಟು ದಶಕಗಳ ಮೇಲಾಯಿತು. ಆದರೆ ಈ ನೆಲದಲ್ಲಿ ಹುಟ್ಟಿದ ಕಥೆಗಳಲ್ಲಿ ಆ ಅಪ್ಪ ಇಲ್ಲ. ಯಾಕಿಲ್ಲ ಎಂಬುದನ್ನು ಕೆದಕಿದರೆ ನಮ್ಮ ಪ್ರಣಯ ಹಾಸ್ಯದ ಜಾತಕವೇ ಹೊರಬರುತ್ತದೆ.

ಮೊದಲು ಹಾಲಿವುಡ್ಡಿನ ಮಾತು ಮುಗಿಸಿಬಿಡೋಣ. ಸ್ಯಾಮ್ಯುಯೆಲ್ ಹಾಪ್ಕಿನ್ಸ್ ಆಡಮ್ಸ್ ಬರೆದ ‘ನೈಟ್ ಬಸ್’ ಎಂಬ ಸಣ್ಣ ಕಥೆಗೆ ರಾಬರ್ಟ್ ರಿಸ್ಕಿನ್ ಚಿತ್ರಕಥೆ ಬರೆದರು, ಫ್ರಾಂಕ್ ಕಾಪ್ರಾ ನಿರ್ದೇಶಿಸಿದರು. ಕ್ಲಾರ್ಕ್ ಗೇಬಲ್, ಕ್ಲಾಡೆಟ್ ಕೋಲ್ಬರ್ಟ್ ಜೋಡಿ. ಚಿತ್ರ, ನಿರ್ದೇಶನ, ನಟ, ನಟಿ, ಚಿತ್ರಕಥೆ ಎಂಬ ಐದು ಮುಖ್ಯ ಆಸ್ಕರ್‌ಗಳನ್ನು ಒಂದೇ ಸಲ ಬಾಚಿಕೊಂಡ ಮೊದಲ ಚಿತ್ರ ಇದು. 1929ರಲ್ಲಿ ಅಮೆರಿಕದ ಷೇರುಪೇಟೆ ಕುಸಿದಿತ್ತು. 1933ರ ಹೊತ್ತಿಗೆ ದುಡಿಯುವ ಕೈಗಳಲ್ಲಿ ಹೆಚ್ಚುಕಡಿಮೆ ನಾಲ್ಕಕ್ಕೆ ಒಂದು ಖಾಲಿ ಕೂತಿತ್ತು. ಅಂಥ ದಿನಗಳಲ್ಲಿ ಟಿಕೆಟ್ ಕೊಂಡು ಒಳಗೆ ಬಂದವರಿಗೆ ಕಾಪ್ರಾ ತೋರಿಸಿದ್ದು ಏನನ್ನು? ಸಿರಿವಂತರ ಮಗಳೊಬ್ಬಳು ರಾತ್ರಿ ಬಸ್ಸಿನಲ್ಲಿ ತೂಕಡಿಸುವುದನ್ನು, ಸ್ನಾನಕ್ಕೆ ಸಾಲಿನಲ್ಲಿ ನಿಲ್ಲುವುದನ್ನು, ಹಸಿವು ತಾಳಲಾರದೆ ಹಸಿ ಗಜ್ಜರಿ ಕಡಿಯುವುದನ್ನು. ಬಿಸಿ ಕಾಫಿಯಲ್ಲಿ ಡೋನಟ್ ಅದ್ದುವುದು ಹೇಗೆ ಎಂದು ಪತ್ರಕರ್ತ ಅವಳಿಗೆ ಪಾಠ ಹೇಳುತ್ತಾನೆ. ಇಷ್ಟು ದುಡ್ಡಿದ್ದೂ ತಿನ್ನುವುದಕ್ಕೆ ಬರುವುದಿಲ್ಲವಲ್ಲ ಎಂದು ಖಾಲಿ ಜೇಬಿನ ಜನ ನಕ್ಕರು. ಗಮನಿಸಬೇಕಾದ್ದು ಇದು: ಅಲ್ಲಿ ಪಾಠ ಕಲಿಯುವವಳು ಅವಳೊಬ್ಬಳೇ ಅಲ್ಲ. ದೊಡ್ಡ ಮಾತಿನ ಪೀಟರ್ ಕಾರು ನಿಲ್ಲಿಸಲು ಹೆಬ್ಬೆರಳು ಎತ್ತಿ ಎತ್ತಿ ಸೋಲುತ್ತಾನೆ. ಅವಳು ಲಂಗವನ್ನು ಮಂಡಿಯ ಮೇಲಕ್ಕೆ ಎತ್ತಿದ ಕ್ಷಣ ಬ್ರೇಕು ಕಿರುಚುತ್ತದೆ. ಸೋಲು ಗೆಲುವು ಸರಿಸಮ ಹಂಚಿಕೆಯಾಗಿದೆ.

ಇದೇ ಹೊತ್ತಿನ ಉಳಿದ ಚಿತ್ರಗಳಲ್ಲೂ ಬಡವ-ಬಲ್ಲಿದರ ನಡುವಿನ ಗೋಡೆ ಕಾಗದದಷ್ಟು ತೆಳುವು. ಚಾಪ್ಲಿನ್‌ನ ‘ಸಿಟಿ ಲೈಟ್ಸ್’ನಲ್ಲಿ (1931) ಕುರುಡು ಹೂವಾಡಗಿತ್ತಿ ಅಲೆಮಾರಿಯನ್ನು ಧನಿಕನೆಂದು ನಂಬುವುದಕ್ಕೆ ಕಾರಿನ ಬಾಗಿಲು ಬಡಿದ ಒಂದು ಸದ್ದು ಸಾಕಾಗುತ್ತದೆ. ಅದೇ ಚಿತ್ರದ ಲಕ್ಷಾಧೀಶ ಕುಡಿದಾಗ ಅಲೆಮಾರಿಯನ್ನು ಅಪ್ಪಿ ಮುದ್ದಾಡುತ್ತಾನೆ, ನಶೆ ಇಳಿದರೆ ಗುರುತೇ ಹಿಡಿಯುವುದಿಲ್ಲ. ‘ಮೈ ಮ್ಯಾನ್ ಗಾಡ್‌ಫ್ರೇ’ಯಲ್ಲಿ (1936) ಕಸದ ಗುಡ್ಡೆಯ ಬದಿಯಿಂದ ಎತ್ತಿ ತಂದ ನಿರ್ಗತಿಕ ಸಾಹುಕಾರರ ಮನೆಯ ಬಟ್ಲರ್ ಆಗುತ್ತಾನೆ. ಕೊನೆಗೆ ನೋಡಿದರೆ ಅವನೂ ದೊಡ್ಡ ಮನೆತನದ ಕುಡಿಯೇ. ಇದು ಮೋಸ ಎಂದು ನನ್ನ ಅಭಿಪ್ರಾಯ. ಬಡವನನ್ನು ಪ್ರೀತಿಸಲು ಹುಡುಗಿಗೆ ಅನುಮತಿ ಕೊಟ್ಟ ಹಾಗೆ ಮಾಡಿ, ಬಡವನನ್ನೇ ಕಥೆಯಿಂದ ಮಾಯ ಮಾಡುವ ಈ ಕೈಚಳಕವನ್ನು ಮುಂದೆ ಭಾರತದ ಎಲ್ಲ ಭಾಷೆಯ ಸಿನಿಮಾಗಳೂ ಕಣ್ಣಿಗೊತ್ತಿಕೊಂಡವು.

‘ಇಟ್ ಹ್ಯಾಪನ್ಡ್ ಒನ್ ನೈಟ್’ನ ಬಸ್ಸಿನ ಹುಡುಗಿ ನಮ್ಮ ಕಡೆಗೆ ಬಂದ ದಾರಿ ಉದ್ದವೇ. 1956ರಲ್ಲಿ ರಾಜ್ ಕಪೂರ್, ನರ್ಗಿಸ್ ಜೋಡಿಯ ‘ಚೋರಿ ಚೋರಿ’. 1991ರಲ್ಲಿ ಮಹೇಶ್ ಭಟ್ ನಿರ್ದೇಶನದ ‘ದಿಲ್ ಹೈ ಕೆ ಮಾನ್‌ತಾ ನಹೀ’. ಅಲ್ಲಿಂದ 2007ರಲ್ಲಿ ಕನ್ನಡಕ್ಕೆ, ‘ಹುಡುಗಾಟ’ ಎಂಬ ಹೆಸರಿನಲ್ಲಿ. ಗಣೇಶ್ ನಾಯಕ, ರೇಖಾ ನಾಯಕಿ, ಜಾಸ್ಸಿ ಗಿಫ್ಟ್ ಸಂಗೀತ. ಜೋಗದ ನೀರಿನಲ್ಲಿ ತೊಯ್ದ ‘ಮುಂಗಾರು ಮಳೆ’ ಹಿಂದಿನ ವರ್ಷದ ಕೊನೆಗೆ ತೆರೆಕಂಡು ಗಣೇಶ್ ಮನೆಮಾತಾಗಿದ್ದ ಕಾಲ.

ಅದೇ ವರ್ಷ, ಅದೇ ಗಣೇಶ್ ಇನ್ನೊಂದು ಚಿತ್ರದಲ್ಲಿ ಸಾಹುಕಾರನ ಮಗಳನ್ನು ಪ್ರೀತಿಸಿದರು. ‘ಚೆಲುವಿನ ಚಿತ್ತಾರ’. ನಿರ್ದೇಶಕ ಎಸ್. ನಾರಾಯಣ್ ಭದ್ರಾವತಿಯಲ್ಲಿ ಹುಟ್ಟಿದವರು. ಮೂಲ ತಮಿಳಿನ ‘ಕಾದಲ್’ (2004). ಹುಡುಗ ಗಾಡಿ ರಿಪೇರಿಯ ಮೆಕ್ಯಾನಿಕ್, ಹುಡುಗಿ ಸ್ಕೂಲಿಗೆ ಹೋಗುವ ಸಿರಿವಂತರ ಮಗಳು. ಇಬ್ಬರೂ ಓಡಿಹೋಗುತ್ತಾರೆ. ಇಲ್ಲಿಯೂ ಅಪ್ಪ ಹುಡುಕುತ್ತಾನೆ, ಇಲ್ಲಿಯೂ ಮಗಳು ಸಿಗುತ್ತಾಳೆ. ಆದರೆ ಹುಡುಗನಿಗೆ ಲೆಕ್ಕದ ಚೀಟಿ ಕೊಡುವ ಅವಕಾಶವಿಲ್ಲ. ಅವನನ್ನು ಬಡಿದು ಕೆಡವುತ್ತಾರೆ, ಅವಳನ್ನು ಬೇರೆಯವನಿಗೆ ಕಟ್ಟುತ್ತಾರೆ, ವರ್ಷಗಳು ಕಳೆದ ಮೇಲೆ ಬೀದಿಯಲ್ಲಿ ಬುದ್ಧಿ ಕೆಟ್ಟು ಅಲೆಯುವವನಾಗಿ ಅವನು ಅವಳ ಕಣ್ಣಿಗೆ ಬೀಳುತ್ತಾನೆ.

ಒಬ್ಬನೇ ನಟ, ಒಂದೇ ವರ್ಷ, ಒಂದೇ ವಿಷಯ. ಒಂದು ಕಡೆ ನಗು, ಇನ್ನೊಂದು ಕಡೆ ಹುಚ್ಚು. ವ್ಯತ್ಯಾಸ ಎಲ್ಲಿದೆ? ನಗಿಸುವ ಕಥೆ ಅಮೆರಿಕದಿಂದ ಬಂದದ್ದು, ಅಳಿಸುವ ಕಥೆ ಮದುರೈಯಿಂದ. ಮೊದಲನೆಯದರಲ್ಲಿ ದುಡ್ಡು ಬರೀ ದುಡ್ಡು. ಎರಡನೆಯದರಲ್ಲಿ ದುಡ್ಡಿನ ಬೆನ್ನಿಗೆ ಜಾತಿ ನಿಂತಿದೆ, ಜಾತಿಯ ಕೈಯಲ್ಲಿ ಮಚ್ಚಿದೆ. ಕನ್ನಡದ ನೆಲಕ್ಕೆ ಹತ್ತಿರವಾದದ್ದು ಯಾವುದು ಎಂದು ಭದ್ರಾವತಿಯವರಿಗೂ ಶಿವಮೊಗ್ಗದವರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಕನ್ನಡ ಸಿನಿಮಾದ ‘ಬಡವ-ಶ್ರೀಮಂತ’ ಎಂಬ ಜೋಡಿಪದ ಬಹುಪಾಲು ಸಲ ಮರ್ಯಾದೆಗಾಗಿ ಹೊದೆಸಿದ ಶಾಲು. ಒಳಗಿರುವುದು ಜಾತಿ. ಅದನ್ನು ಬಾಯಿಬಿಟ್ಟು ಹೇಳಿದರೆ ನಗು ನಿಂತುಹೋಗುತ್ತದೆ. ಹೇಳದೆ ನಗಿಸಬೇಕಾದರೆ ಬೇರೆ ಯಾರ ಮೇಲಾದರೂ ಆ ನಗುವಿನ ಖರ್ಚು ಹಾಕಬೇಕು. ಆ ಖರ್ಚು ಯಾರ ಲೆಕ್ಕಕ್ಕೆ ಬಿತ್ತು ಎಂಬುದೇ ನಮ್ಮ ಪ್ರಣಯ ಹಾಸ್ಯದ ಚರಿತ್ರೆ.

ಆರಂಭ ಹೀಗಿರಲಿಲ್ಲ. ಗುಬ್ಬಿ ನಾಟಕ ಕಂಪನಿಯ ಕೀರ್ತಿಯನ್ನು ಹಳ್ಳಿಹಳ್ಳಿಗೆ ಒಯ್ದ ‘ಸದಾರಮೆ’ 1935ರಲ್ಲಿ ಚಲನಚಿತ್ರವಾಯಿತು, ಗುಬ್ಬಿ ವೀರಣ್ಣನವರೇ ತೆರೆಗೆ ಬಂದರು. ವರ್ತಕರ ಮನೆಯ ಹೆಣ್ಣು, ಅರಮನೆಯ ಗಂಡು, ಮಧ್ಯೆ ಆಸೆಬುರುಕ ಶೆಟ್ಟರ ಸಂಸಾರ. ಸಂಬಂಧದ ಮಾತುಕತೆಯಲ್ಲಿ ರಾಜ್ಯವೇ ಚೌಕಾಸಿಗೆ ಬೀಳುತ್ತದೆ. ಆ ನಾಟಕದಲ್ಲಿ ಬೆಪ್ಪಾಗುವುದು ಜಿಪುಣತನ. ಜಾಣೆಯಾಗಿ ಉಳಿಯುವವಳು ಸದಾರಮೆ. ಕಳ್ಳನನ್ನೂ ಕಕ್ಕಾಬಿಕ್ಕಿ ಮಾಡುವ ಆ ಹೆಣ್ಣನ್ನು ನೋಡಿದರೆ ಹಾಲಿವುಡ್ಡಿನ ಮೂವತ್ತರ ದಶಕದ ನಾಯಕಿಯರಿಗೆ ಅವಳು ಅಕ್ಕನಂತೆ ಕಾಣುತ್ತಾಳೆ.

ಮರುವರ್ಷ ‘ಸಂಸಾರ ನೌಕೆ’. ಎಚ್.ಎಲ್.ಎನ್. ಸಿಂಹ ತಮ್ಮದೇ ನಾಟಕವನ್ನು ಚಿತ್ರ ಮಾಡಿದರು. ಕನ್ನಡದ ಮೊದಲ ಸಾಮಾಜಿಕ ಚಿತ್ರ ಎಂದು ಅದಕ್ಕೆ ಹೆಸರು. ಬಿ.ಆರ್. ಪಂತುಲು, ಎಂ.ವಿ. ರಾಜಮ್ಮ ಅಭಿನಯಿಸಿದ್ದರು. ಮನೆಯ ಹಿರಿಯರ ಮಾತು ಮೀರಿ ತಾನು ಮೆಚ್ಚಿದವಳನ್ನು ಮದುವೆಯಾದ ಹುಡುಗ ಮನೆಯಿಂದ ಹೊರಬೀಳುತ್ತಾನೆ, ಕೆಲಸ ಹೋಗುತ್ತದೆ, ಬಡತನ ಕಚ್ಚಿಕೊಳ್ಳುತ್ತದೆ. ಹಾಸ್ಯ ಇಲ್ಲಿ ಮೂಲೆಗೆ ಸರಿದಿದೆ. ಹಿರಿಯರನ್ನು ಮೀರಿದ ಪ್ರೇಮಕ್ಕೆ ಕಣ್ಣೀರಿನ ದಂಡ ಕಟ್ಟಲೇಬೇಕು ಎಂಬ ರೂಢಿ ಆಗಿನಿಂದಲೇ ಇದೆ. ಅದೇ 1936ರ ಮೇ ತಿಂಗಳಲ್ಲಿ ಭದ್ರಾವತಿಯಲ್ಲಿ ಮೈಸೂರು ಕಾಗದ ಕಾರ್ಖಾನೆ ಸ್ಥಾಪನೆಯಾಯಿತು. ಮುಂದೆ ಅಲ್ಲಿ ಸುದ್ದಿಕಾಗದವೂ ತಯಾರಾಯಿತು. ಕನ್ನಡ ಪತ್ರಿಕೆಗಳಲ್ಲಿ ‘ಇಂದಿನಿಂದ’ ಎಂದು ಅಚ್ಚಾಗುತ್ತಿದ್ದ ಸಿನಿಮಾ ಜಾಹೀರಾತುಗಳ ಅಡಿಯ ಕಾಗದ ಆ ಕಾರ್ಖಾನೆಯದ್ದೇ ಆಗಿದ್ದ ದಿನಗಳು ಇದ್ದವು.

ಕನ್ನಡದ ಪ್ರೇಮ-ಅಂತಸ್ತಿನ ಹಾಸ್ಯಕ್ಕೆ ತನ್ನದೇ ಅಚ್ಚು ಸಿಕ್ಕಿದ್ದು ಎಪ್ಪತ್ತರ ದಶಕದಲ್ಲಿ. ಅಚ್ಚಿನ ಹೆಸರು ಸೊಕ್ಕು ಮುರಿಯುವುದು.

1974ರ ‘ಸಂಪತ್ತಿಗೆ ಸವಾಲ್’ ನೋಡಿ. ಪಿ.ಬಿ. ಧುತ್ತರಗಿಯವರ ನಾಟಕ, ಕಂಪನಿಗಳ ಪಾಲಿಗೆ ಬಂಗಾರದ ಮೊಟ್ಟೆ ಇಟ್ಟ ಕೋಳಿ. ಎ.ವಿ. ಶೇಷಗಿರಿರಾವ್ ಅದನ್ನು ಚಿತ್ರ ಮಾಡಿದರು. ರಾಜ್‌ಕುಮಾರ್ ಹಳ್ಳಿಯ ಬಡ ಹುಡುಗ, ಮಂಜುಳಾ ಜಂಬದ ಹುಡುಗಿ. ಎಮ್ಮೆಯ ಬೆನ್ನೇರಿ ಕೂತು ರಾಜ್ ತಮ್ಮದೇ ಕಂಠದಲ್ಲಿ ಹಾಡುವ ಹಾಡಿನ ದೃಶ್ಯ ಇಂದಿಗೂ ಜಾತ್ರೆಯ ಆರ್ಕೆಸ್ಟ್ರಾಗಳಲ್ಲಿ ಸೀಟಿ ಹೊಡೆಸುತ್ತದೆ. ನಾಯಕ ನಟನೇ ತನ್ನ ಹಾಡು ತಾನು ಹಾಡಿಕೊಳ್ಳುವ ದಾರಿ ರಾಜ್‌ಗೆ ತೆರೆದುಕೊಂಡದ್ದು ಅಲ್ಲಿಂದ. ಆ ಎಮ್ಮೆಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಕಾರಿನಲ್ಲಿ, ಕುದುರೆಯ ಮೇಲೆ ಬರುವ ನಾಯಕರ ಸಾಲಿನಲ್ಲಿ ಅದು ನಿಧಾನಕ್ಕೆ, ತನ್ನ ಪಾಡಿಗೆ ತಾನು ಹೆಜ್ಜೆ ಹಾಕುತ್ತದೆ. ಮೇಲೆ ಕೂತವನ ಮುಖದಲ್ಲಿ ಅವಸರವಿಲ್ಲ, ಅಂಜಿಕೆಯಿಲ್ಲ. ಬಡವನ ಸ್ವಾಭಿಮಾನಕ್ಕೆ ಕನ್ನಡ ಸಿನಿಮಾ ಕೊಟ್ಟ ಅತ್ಯಂತ ಹಿತವಾದ ಚಿತ್ರ ಇದು ಎಂದರೆ ತಪ್ಪಾಗದು. ಅದೇ ವರ್ಷದ ಮಾರ್ಚ್ 1ರಂದು ಗೇಣಿ ಜಮೀನುಗಳೆಲ್ಲ ಸರ್ಕಾರದ ಸ್ವಾಧೀನಕ್ಕೆ ಬಂದು ಉಳುವವನಿಗೆ ಹೊಲ ಎನ್ನುವ ಕಾಯ್ದೆ ರಾಜ್ಯದಲ್ಲಿ ಜಾರಿಯಾಗಿತ್ತು. ಅದಕ್ಕೆ 23 ವರ್ಷ ಮೊದಲು, 1951ರಲ್ಲಿ, ಶಿವಮೊಗ್ಗ ಜಿಲ್ಲೆಯ ಕಾಗೋಡಿನಲ್ಲಿ ಗೇಣಿದಾರರು ಒಡೆಯರ ಎದುರು ಸೆಟೆದು ನಿಂತಿದ್ದರು. ‘ಸಂಪತ್ತಿಗೆ ಸವಾಲ್’ ಎಂಬ ಮಾತಿಗೆ ಈ ಊರುಗಳಲ್ಲಿ ಸಿನಿಮಾದ ಆಚೆಗೂ ಒಂದು ತೂಕವಿತ್ತು.

ತೂಕ ಇದ್ದದ್ದು ಹೆಸರಿಗೆ. ಒಳಗೆ ಹೋಗಿ ನೋಡಿದರೆ ಸವಾಲು ಸಂಪತ್ತಿನ ಬಳಿ ಹೋಗುವುದಕ್ಕಿಂತ ಹೆಚ್ಚಾಗಿ ಹುಡುಗಿಯ ಬಳಿಗೆ ಹೋಗುತ್ತದೆ. ಜಮೀನ್ದಾರಿಕೆಯ ಸೊಕ್ಕೆಲ್ಲ ಅವಳ ಗತ್ತಿನ ನಡಿಗೆಯಲ್ಲಿ, ಎತ್ತಿದ ಹುಬ್ಬಿನಲ್ಲಿ ಬಂದು ಕೂತಿದೆ. ಅವಳನ್ನು ಬಗ್ಗಿಸಿದರೆ ಪ್ರೇಕ್ಷಕನಿಗೆ ಸಿರಿತನವನ್ನೇ ಬಗ್ಗಿಸಿದಷ್ಟು ಸಮಾಧಾನ. 1976ರ ‘ಬಹದ್ದೂರ್ ಗಂಡು’ವಿನಲ್ಲಿ ಜಯಂತಿಯ ಪಾತ್ರಕ್ಕೂ ಆದದ್ದು ಇದೇ. ಈ ಕುಲದ ಮೂಲಪುರುಷ ಶೇಕ್ಸ್‌ಪಿಯರ್. ಗಯ್ಯಾಳಿಯನ್ನು ಪಳಗಿಸುವ ಅವನ ನಾಟಕವನ್ನು ಪರ್ವತವಾಣಿಯವರು ‘ಬಹದ್ದೂರ್ ಗಂಡ’ ಎಂದು ಕನ್ನಡದ ರಂಗಕ್ಕೆ ತಂದಿದ್ದರು. 1989ರಲ್ಲಿ ಅದೇ ‘ನಂಜುಂಡಿ ಕಲ್ಯಾಣ’ವಾಗಿ ತೆರೆಗೆ ಬಂತು. ಎಂ.ಎಸ್. ರಾಜಶೇಖರ್ ನಿರ್ದೇಶನ, ರಾಘವೇಂದ್ರ ರಾಜ್‌ಕುಮಾರ್ ನಾಯಕ, ಮೊದಲ ಕನ್ನಡ ಚಿತ್ರದಲ್ಲೇ ನಾಡನ್ನು ಗೆದ್ದ ಮಾಲಾಶ್ರೀ ನಾಯಕಿ. ಚಿತ್ರ ಯದ್ವಾತದ್ವಾ ಓಡಿತು. ಒಂದು ಮಾತು ಒಪ್ಪಬೇಕು: ಮಂಜುಳಾ, ಮಾಲಾಶ್ರೀ ಇಬ್ಬರೂ ಸೊಕ್ಕಿನ ಅರ್ಧದಲ್ಲಿ ಇರುವಷ್ಟು ಜೀವಂತವಾಗಿ ಸೋತ ಅರ್ಧದಲ್ಲಿ ಇಲ್ಲ. ಕ್ಲೈಮ್ಯಾಕ್ಸಿನ ಕಣ್ಣೀರಿಗಿಂತ ಅವರ ಮೊದಲ ರೀಲಿನ ದರ್ಪವನ್ನೇ ಜನ ನೆನಪಿಟ್ಟುಕೊಂಡರು. ನಟಿಯರು ಕಥೆಯ ಮೇಲೆ ತೀರಿಸಿಕೊಂಡ ಸೇಡು ಅದು ಎನ್ನಬಹುದೇನೋ.

ಈ ಸಾಲಿನಲ್ಲಿ ಕಾರ್ಖಾನೆಗಳ ಊರಾದ ಭದ್ರಾವತಿಗೆ ಅತಿ ಹತ್ತಿರ ಬಂದು ಅಷ್ಟೇ ದೂರ ಉಳಿದ ಚಿತ್ರ ‘ಅನುರಾಗ ಅರಳಿತು’ (1986). ಎಚ್.ಜಿ. ರಾಧಾದೇವಿಯವರ ಕಾದಂಬರಿ, ನಿರ್ದೇಶನ ಮತ್ತೆ ರಾಜಶೇಖರ್. ಕಾರ್ಖಾನೆಯ ಒಡತಿ ಮಾಧವಿ, ಮೆಕ್ಯಾನಿಕ್ ರಾಜ್‌ಕುಮಾರ್. ಕಾಯಿಲೆಯ ತಾಯಿಯನ್ನು ನೋಡಿಕೊಳ್ಳಲು ಊರಿಗೆ ಬಂದ ಮಗ, ತನ್ನೆದುರು ತಲೆಯೆತ್ತಿ ನಿಲ್ಲುವ ಕಾರ್ಮಿಕನನ್ನು ಸಹಿಸದ ಮಾಲೀಕಳು. ಅವನನ್ನು ಹತೋಟಿಗೆ ತರಲೆಂದೇ ಅವಳು ಮದುವೆಯಾಗುತ್ತಾಳೆ. ಕೊನೆಗೆ ಬಾಗುವವಳು ಅವಳೇ. ತಮಿಳಿನಲ್ಲಿ ‘ಮನ್ನನ್’, ತೆಲುಗಿನಲ್ಲಿ ‘ಘರಾನಾ ಮೊಗುಡು’, ಹಿಂದಿಯಲ್ಲಿ ‘ಲಾಡ್ಲಾ’ ಆಗಿ ಈ ಕಥೆ ದೇಶ ಸುತ್ತಿತು. ಕನ್ನಡದವರು ಸದಾ ರೀಮೇಕಿಗೆ ಸಾಲ ತರುವವರು ಎಂದು ಗೊಣಗುವವರು ಈ ಒಂದು ರಫ್ತನ್ನು ನೆನಪಿಡಬೇಕು. ರಫ್ತಾದದ್ದು ಏನು ಎಂಬುದು ಬೇರೆ ಪ್ರಶ್ನೆ. ಯೂನಿಯನ್, ಬೋನಸ್, ಪಾಳಿ, ಅಪಘಾತ ಇವೆಲ್ಲ ಇರಬೇಕಾದ ಜಾಗದಲ್ಲಿ ಗಂಡ-ಹೆಂಡಿರ ಜಗಳ ಬಂದು ಕೂತಿದೆ. ಬಂಡವಾಳ-ದುಡಿಮೆಯ ವ್ಯಾಜ್ಯ ಅಡುಗೆಮನೆಯ ಹೊಸ್ತಿಲಲ್ಲಿ ತೀರ್ಮಾನವಾಗುತ್ತದೆ.

ಭದ್ರಾವತಿಯ ಕಾರ್ಖಾನೆಯಲ್ಲಿ ಒಡತಿ ಎಂಬ ವ್ಯಕ್ತಿಯೇ ಇರಲಿಲ್ಲ. ಬೆಂಕಿಪುರ ಎಂದು ಹಳೆಯ ಹೆಸರಿದ್ದ ಈ ಊರಿನಲ್ಲಿ 1918ರಲ್ಲಿ ಶುರುವಾಗಿ 1923ರಲ್ಲಿ ಕಬ್ಬಿಣ ಕರಗಿಸತೊಡಗಿದ ಕಾರ್ಖಾನೆ ಮೊದಲು ಮೈಸೂರು ಸಂಸ್ಥಾನದ್ದು, ಆಮೇಲೆ ರಾಜ್ಯದ್ದು, 1989ರಿಂದ ಭಾರತೀಯ ಉಕ್ಕು ಪ್ರಾಧಿಕಾರದ್ದು. ಧಣಿ ಕಾಣದ ಊರಿನಲ್ಲಿ ಅಂತಸ್ತನ್ನು ಅಳೆಯುತ್ತಿದ್ದದ್ದು ಗ್ರೇಡು. ಅಧಿಕಾರಿಯ ಬಂಗಲೆಗೆ ಹೂದೋಟ, ಕಾರ್ಮಿಕನ ಕ್ವಾರ್ಟರ್ಸ್‌ಗೆ ಸಾಲುಮನೆಯ ಒಂದು ನಂಬರು. ನ್ಯೂಟೌನ್, ಹಳೇನಗರ, ಕಾಗದನಗರ, ಜನ್ನಾಪುರ, ಹುತ್ತಾ ಕಾಲೋನಿ: ಎಲ್ಲಿ ಮನೆ ಎಂದರೆ ಯಾವ ಮಟ್ಟದ ಮನುಷ್ಯ ಎಂದು ಅರ್ಧ ತಿಳಿದಂತೆ. ಕಾಯಂ ನೌಕರನಿಗೂ ಗುತ್ತಿಗೆಯವನಿಗೂ ನಡುವಿನ ಕಂದಕ ಇವೆಲ್ಲಕ್ಕಿಂತ ಆಳ. ಹೆಣ್ಣು ಹೆತ್ತವರ ಮಾತಿನಲ್ಲಿ ‘ಫ್ಯಾಕ್ಟರಿ ಹುಡುಗ’ ಎನ್ನುವುದಕ್ಕೆ ಒಂದು ರೇಟಿತ್ತು. ಕಾಯಂ ಆದ ದಿನ ಆ ರೇಟು ಏರುತ್ತಿತ್ತು. 1961ರಲ್ಲೇ ವರದಕ್ಷಿಣೆ ನಿಷೇಧವಾಗಿದ್ದರೂ ವರೋಪಚಾರ ಎಂಬ ಹೆಸರಿನಲ್ಲಿ ಬೈಕು, ಉಂಗುರ, ಪಾತ್ರೆ ಸಾಗುತ್ತಲೇ ಇದ್ದವು. ಕಾಗದ ಕಾರ್ಖಾನೆಯ ಯಂತ್ರಗಳು ಕಳೆದ ದಶಕದ ಮಧ್ಯದಲ್ಲಿ ನಿಂತವು. 2023ರ ಜನವರಿಯಲ್ಲಿ ಉಕ್ಕಿನ ಕಾರ್ಖಾನೆಯನ್ನೂ ಮುಚ್ಚುವ ತೀರ್ಮಾನ ಹೊರಬಿದ್ದು ಕಾರ್ಮಿಕರು ಗೇಟಿನ ಮುಂದೆ ಕೂತರು. ಮದುವೆಯ ಪೇಟೆಯಲ್ಲಿ ಒಂದು ಇಡೀ ಊರಿನ ಗಂಡುಗಳ ಬೆಲೆ ಒಂದು ಸುತ್ತೋಲೆಯಿಂದ ಇಳಿಯಬಹುದು. ಕಾಪ್ರಾ ಇದ್ದಿದ್ದರೆ ಅಲ್ಲಿ ಕ್ಯಾಮೆರಾ ಇಡುತ್ತಿದ್ದ. ನಮ್ಮವರು ಕಾರ್ಖಾನೆಗೆ ಒಬ್ಬ ಚೆಂದದ ಒಡತಿಯನ್ನು ತಂದು ಕೂರಿಸಿ, ಅವಳನ್ನು ಸೋಲಿಸಿ, ಗೆದ್ದೆವು ಎಂದುಕೊಂಡರು.

ಭದ್ರಾವತಿಯಿಂದ ತೆರೆಗೆ ಹೋದ ಇನ್ನೊಬ್ಬರು ದೊಡ್ಡಣ್ಣ. ಅದೇ ಉಕ್ಕಿನ ಕಾರ್ಖಾನೆಯಲ್ಲಿ ದುಡಿಯುತ್ತಿದ್ದವರು. ಸಿನಿಮಾದಲ್ಲಿ ಅವರ ಪಾಲಿಗೆ ಮತ್ತೆ ಮತ್ತೆ ಬಂದದ್ದು ಗೌಡ, ಸಾಹುಕಾರ, ಮಂತ್ರಿ, ಗದರುವ ಮಾವ. ಕಾರ್ಮಿಕನ ಮೈಕಟ್ಟಿಗೆ ಜರಿಶಲ್ಯ ಹೊದಿಸಿ ಧಣಿ ಮಾಡಿದ ಈ ವಿನೋದವನ್ನು ಯಾವ ಚಿತ್ರಕಥೆಗಾರನೂ ಬರೆದದ್ದಲ್ಲ.

ಜಾತಿಯ ಮಾತಿಗೆ ವಾಪಸು ಬರೋಣ. ಮಂಟಪ ಬಿಟ್ಟು ಓಡುವ ಮದುಮಗಳು ಮಲೆನಾಡಿಗೆ ಹಾಲಿವುಡ್ಡಿನಿಂದ ಬರಬೇಕಾಗಿರಲಿಲ್ಲ. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (1967) ಕಾದಂಬರಿಯಲ್ಲಿ ಚಿನ್ನಮ್ಮ ಬೇಡದ ಮದುವೆಯಿಂದ ತಪ್ಪಿಸಿಕೊಂಡು ಕತ್ತಲ ಕಾಡು ಹೊಗುತ್ತಾಳೆ, ಮುಕುಂದಯ್ಯನನ್ನು ಸೇರುತ್ತಾಳೆ. ಗುತ್ತಿ ತನ್ನ ತಿಮ್ಮಿಯನ್ನು ಹಾರಿಸಿಕೊಂಡು ಹೋಗುತ್ತಾನೆ, ಹುಲಿಯ ಎಂಬ ಅವನ ನಾಯಿ ಹಿಂದೆ ಬರುತ್ತದೆ. ಇಷ್ಟು ಧೈರ್ಯದ, ಇಷ್ಟು ತುಂಟತನದ ಪ್ರೇಮ ಕನ್ನಡದಲ್ಲಿ ಕಡಿಮೆ. ಆದರೂ ಗೌಡರ ಹುಡುಗಿ ಗೌಡರ ಹುಡುಗನ ಜೊತೆ, ಹೊಲೆಯರ ಗುತ್ತಿ ಹೊಲೆಯರ ತಿಮ್ಮಿಯ ಜೊತೆ. ಸಾಲ, ಗತ್ತು, ಒಡೆಯರ ಅಪ್ಪಣೆ ಎಲ್ಲವನ್ನೂ ದಾಟಿದ ಕಾಲು ಆ ಒಂದು ಗೆರೆಯ ಮುಂದೆ ನಿಲ್ಲುತ್ತದೆ. ಹತ್ತೊಂಬತ್ತನೆಯ ಶತಮಾನದ ಕೊನೆಯ ಮಲೆನಾಡನ್ನು ಇದ್ದ ಹಾಗೆ ಬರೆದ ಕವಿಯ ಪ್ರಾಮಾಣಿಕತೆ ಅದು. ಅದೇ ಕುವೆಂಪು 1966ರಲ್ಲಿ ಮಗ ತೇಜಸ್ವಿಯವರ ಮದುವೆಯನ್ನು ಪುರೋಹಿತರಿಲ್ಲದೆ, ವರದಕ್ಷಿಣೆಯಿಲ್ಲದೆ, ಮಂತ್ರಮಾಂಗಲ್ಯದ ಪ್ರಕಾರ ನಡೆಸಿದರು. ಬೆರಳೆಣಿಕೆಯ ಜನ, ಗಂಡು-ಹೆಣ್ಣು ಓದುವ ಪ್ರತಿಜ್ಞೆ, ಅಷ್ಟೇ ಖರ್ಚು. ಮಗಳದಲ್ಲದಿದ್ದರೂ ಮಗನ ಮದುವೆಯಲ್ಲಿ ಹಿಂದಿನ ಗೇಟು ತೆರೆದಿಟ್ಟ ಅಪ್ಪನೊಬ್ಬ ಈ ಮಲೆನಾಡಿನಿಂದಲೇ ಬಂದಿದ್ದ. ಸಿನಿಮಾದವರ ಕಣ್ಣಿಗೆ ಬೀಳಲಿಲ್ಲ, ಅಷ್ಟೇ. ಇವತ್ತು ಸರ್ಕಾರವೇ ಅಂತರ್ಜಾತಿ ದಂಪತಿಗಳಿಗೆ ಪ್ರೋತ್ಸಾಹಧನ ಕೊಡುತ್ತದೆ. ಪ್ರೇಮಕ್ಕೆ ಖಜಾನೆಯಿಂದ ಹಣ, ಅರ್ಜಿ ನಮೂನೆ, ಜಾತಿ ಪ್ರಮಾಣಪತ್ರ ಲಗತ್ತಿಸಬೇಕು. ಇದರಲ್ಲಿರುವ ಹಾಸ್ಯವನ್ನೂ ಯಾರೂ ಮುಟ್ಟಿಲ್ಲ.

ಮುಟ್ಟುವ ಧೈರ್ಯ ಇದ್ದವರು ಶಿವಮೊಗ್ಗ ತಾಲ್ಲೂಕಿನ ಕೊನಗವಳ್ಳಿಯ ಪಿ. ಲಂಕೇಶ್. ‘ಬಿರುಕು’ ಕಾದಂಬರಿಯನ್ನು ಆಧರಿಸಿ ಅವರು ಮಾಡಿದ ‘ಪಲ್ಲವಿ’ (1976) ಅವರಿಗೆ ನಿರ್ದೇಶನದ ರಾಷ್ಟ್ರಪ್ರಶಸ್ತಿ ತಂದಿತು. ವಿಮಲಾ ನಾಯ್ಡು, ಟಿ.ಎನ್. ಸೀತಾರಾಮ್ ಅಭಿನಯ. ಹುಡುಗ-ಹುಡುಗಿ ಇಬ್ಬರೂ ಕೆಲಸ ಹುಡುಕುತ್ತಾರೆ. ಅವಳಿಗೆ ಸಿಗುತ್ತದೆ, ಅವನಿಗಿಲ್ಲ. ಅವಳು ತನ್ನ ಮೇಲಧಿಕಾರಿಯನ್ನು ಮದುವೆಯಾಗುತ್ತಾಳೆ. ಪ್ರೇಮ, ಅಂತಸ್ತು, ದುಡ್ಡು ಮೂರೂ ಇವೆ, ಸೊಕ್ಕು ಮುರಿಯುವ ಆಟ ಇಲ್ಲ. ದುಡ್ಡು ಬೇಕು ಎಂದು ಹೇಳಿಕೊಳ್ಳಬಲ್ಲ ಹೆಣ್ಣನ್ನು ಲಂಕೇಶ್ ಖಳನಾಯಕಿ ಮಾಡಲಿಲ್ಲ, ತ್ಯಾಗಮಯಿಯನ್ನೂ ಮಾಡಲಿಲ್ಲ. ‘ಸಂಪತ್ತಿಗೆ ಸವಾಲ್’ ಬಂದ ಎರಡೇ ವರ್ಷಕ್ಕೆ ಅದೇ ನಾಡಿನಲ್ಲಿ ಈ ಚಿತ್ರವೂ ತಯಾರಾಯಿತು ಎಂಬುದು ಆಶ್ಚರ್ಯ. ಶಿವಮೊಗ್ಗದ ಮಲ್ಲಿಕಾರ್ಜುನ, ಲಕ್ಷ್ಮಿ, ಎಚ್‌ಪಿಸಿಯಂಥ ಟಾಕೀಸುಗಳ ಗಾಂಧಿಕ್ಲಾಸಿಗೆ ಬೇಕಾದ ಸರಕು ಇದಾಗಿರಲಿಲ್ಲ. ನಗುವುದಕ್ಕೂ ಹೆಚ್ಚು ಜಾಗ ಇರಲಿಲ್ಲ.

ನಗುವಿಗೆ ಜಾಗ ಸಿಕ್ಕಿದ್ದು ವಠಾರದಲ್ಲಿ. ಫಣಿ ರಾಮಚಂದ್ರ ನಿರ್ದೇಶಿಸಿದ ‘ಗಣೇಶನ ಮದುವೆ’ (1990) ಕನ್ನಡದಲ್ಲಿ ಹಾಲಿವುಡ್ಡಿನ ಹಳೆಯ ಪ್ರಣಯ ಹಾಸ್ಯದ ಎತ್ತರಕ್ಕೆ ಬಂದ ಚಿತ್ರ ಎಂದು ನಾನು ನಿಸ್ಸಂಕೋಚವಾಗಿ ಹೇಳುತ್ತೇನೆ. ವಠಾರದ ಯಜಮಾನ ಒಂದು ಕಡೆ, ಬಾಡಿಗೆದಾರರ ಪಡೆ ಇನ್ನೊಂದು ಕಡೆ. ಬಾಡಿಗೆಯ ಗಣೇಶನಿಗೂ (ಅನಂತನಾಗ್) ಯಜಮಾನನ ಮಗಳು ಆದಿಲಕ್ಷ್ಮಿಗೂ (ವಿನಯಾ ಪ್ರಸಾದ್) ದಿನ ಬೆಳಗಾದರೆ ಜಗಳ. ಇತ್ತ ಅವನು ಮುಖ ನೋಡದ ಶ್ರುತಿ ಎಂಬ ಗಾಯಕಿಗೆ ಪತ್ರ ಬರೆದು ಬರೆದು ಪ್ರೀತಿಯಲ್ಲಿ ಮುಳುಗಿದ್ದಾನೆ. ಆ ಶ್ರುತಿಯೇ ಈ ಆದಿಲಕ್ಷ್ಮಿ. 1940ರಲ್ಲಿ ಲುಬಿಚ್ ಮಾಡಿದ ‘ದ ಶಾಪ್ ಅರೌಂಡ್ ದ ಕಾರ್ನರ್’ನಲ್ಲಿ ಒಂದೇ ಅಂಗಡಿಯ ಇಬ್ಬರು ನೌಕರರು ಹಗಲು ಕಚ್ಚಾಡಿ ರಾತ್ರಿ ಗುರುತಿಲ್ಲದ ಗೆಳೆಯರಾಗಿ ಪತ್ರ ಬರೆಯುತ್ತಾರೆ. ನಮ್ಮ ಚಿತ್ರದಲ್ಲಿ ಅಂಗಡಿಯ ಜಾಗಕ್ಕೆ ಬಂದ ವಠಾರ ಕಥೆಗೆ ಇನ್ನಷ್ಟು ಉಪ್ಪು-ಖಾರ ಹಾಕಿತು. ದುಡ್ಡು ಇಲ್ಲಿ ಮಹಲಿನ ರೂಪದಲ್ಲಿಲ್ಲ. ತಿಂಗಳ ಬಾಡಿಗೆಯ, ನಲ್ಲಿ ನೀರಿನ, ಸುಣ್ಣ ಹೊಡೆಸದ ಗೋಡೆಯ ರೂಪದಲ್ಲಿದೆ. ಆದಿಲಕ್ಷ್ಮಿಯ ಬಾಯಿ ಕೊನೆಯವರೆಗೂ ಜೋರು. ಯಾರೂ ಅವಳನ್ನು ಪಳಗಿಸುವುದಿಲ್ಲ. ಪೆಚ್ಚಾಗುವ ಸರದಿ ಇಬ್ಬರಿಗೂ ಬರುತ್ತದೆ.

ಇಷ್ಟು ಹಗುರವಾಗಿ ನಗಲು ಅವರಿಗೆ ಸಾಧ್ಯವಾದದ್ದು ಹೇಗೆ? ಉತ್ತರ ಸುಲಭ, ಸ್ವಲ್ಪ ಕಹಿ. ಆ ವಠಾರದಲ್ಲಿ ಜಾತಿಯ ಪ್ರಶ್ನೆ ಏಳುವುದೇ ಇಲ್ಲ. ಎರಡೂ ಮನೆಗೆ ಒಂದೇ ಹಬ್ಬ, ಒಂದೇ ಅಡುಗೆ. ನಡುವೆ ಇರುವುದು ಬಾಡಿಗೆಯ ಲೆಕ್ಕ ಮಾತ್ರ, ಲೆಕ್ಕವನ್ನು ನಗುತ್ತ ಚುಕ್ತಾ ಮಾಡಬಹುದು.

ಈಗಿನ ಶಿವಮೊಗ್ಗದ ಮಾಲಿನ ಪರದೆಗಳಲ್ಲಿ ಹುಡುಗಿಯ ಅಪ್ಪ ‘ಜಮೀನು ಎಷ್ಟಿದೆ’ ಎಂದು ಕೇಳುವುದನ್ನು ಬಿಟ್ಟು ‘ಪ್ಯಾಕೇಜ್ ಎಷ್ಟು’ ಎನ್ನುತ್ತಾನೆ. ಹೊರಗೆ, ತೀರ್ಥಹಳ್ಳಿ, ಸಾಗರ, ಹೊಸನಗರದ ತೋಟದ ಮನೆಗಳಲ್ಲಿ ನಡೆಯುತ್ತಿರುವುದು ಬೇರೆಯೇ ನಾಟಕ. ಅಡಿಕೆಗೆ ಧಾರಣೆ ಇದೆ, ಮನೆ ಮುಂದೆ ಕಾರು ಇದೆ, ಹುಡುಗನಿಗೆ ದುಶ್ಚಟವಿಲ್ಲ, ವಯಸ್ಸು ಮಾತ್ರ ಮೂವತ್ತೈದು ದಾಟಿದೆ. ಹೆಣ್ಣು ಸಿಗುತ್ತಿಲ್ಲ. ಓದಿದ ಹುಡುಗಿಯರು ಬೆಂಗಳೂರಿನ ಬಾಡಿಗೆ ಮನೆಯ ಗಂಡನ್ನು ಒಪ್ಪುತ್ತಾರೆ, ಹತ್ತು ಎಕರೆ ತೋಟವನ್ನು ಬೇಡ ಎನ್ನುತ್ತಾರೆ. 2023ರಲ್ಲಿ ಮಂಡ್ಯ ಕಡೆಯ ರೈತ ಹುಡುಗರು ಮದುವೆ ಭಾಗ್ಯ ಬೇಡಿ ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆಯನ್ನೇ ಹೊರಟರು. ಟೀವಿಯವರು ಅದನ್ನು ತಮಾಷೆ ಮಾಡಿದರು, ಆ ಹುಡುಗರೂ ಕ್ಯಾಮೆರಾ ಕಡೆ ನೋಡಿ ನಕ್ಕರು. ಸಾಹುಕಾರನ ಮನೆ ಬಾಗಿಲಲ್ಲಿ ಹುಡುಗಿಯೇ ಪ್ರಶ್ನೆ ಕೇಳುವ ಕಾಲ ಇದು: ಅತ್ತೆ ಮಾವ ಜೊತೆಗಿರುತ್ತಾರಾ, ಸಗಣಿ ಬಾಚಬೇಕಾ, ನೆಟ್‌ವರ್ಕ್ ಸಿಗುತ್ತದಾ, ನಾನು ಕೆಲಸ ಬಿಡಬೇಕಾ. ತೋಟದ ಯಜಮಾನ ಈ ಪ್ರಶ್ನೆಗಳಿಗೆ ಉತ್ತರ ಹುಡುಕುತ್ತ ಮಗನ ಮುಖ ನೋಡುತ್ತಿದ್ದಾನೆ, ಮಗ ಕಾಫಿ ಲೋಟ ನೋಡುತ್ತಿದ್ದಾನೆ. ಇದನ್ನು ಯಾರ ಸೊಕ್ಕನ್ನೂ ಮುರಿಯದೆ, ಜಾತಿಯನ್ನೂ ಮುಚ್ಚಿಡದೆ ಬರೆಯಬಲ್ಲ ಒಬ್ಬ ಚಿತ್ರಕಥೆಗಾರ ಬೇಕಾಗಿದ್ದಾನೆ. ಹುಡುಗಿಯೊಬ್ಬಳು ಬರೆದರೆ ಇನ್ನೂ ಒಳ್ಳೆಯದು.